ಮಿಷನ್ ಒಪ್ಪದ ಹೆಬ್ಬೆಟ್ಟು

ರೇಷನ್ ಅಂಗಡಿಯ ಮಿಷನ್ ನಮ್ಮ ಹೆಬ್ಬೆಟ್ಟನ್ನು ಒಪ್ಪದಿರುವುದು ಯಲ್ದೂರಿನ ಕಡೆ ಹೊಸ ಸಂಗತಿಯೇನಲ್ಲ. ರಾಗಿ ಹೊಲದಲ್ಲಿ ಕಳೆ ಕಿತ್ತ ಕೈ, ರೇಷ್ಮೆ ಸೊಪ್ಪು ಕೊಯ್ದ ಕೈ, ಮಾವಿನ ಸೊನೆ ಕುಡಿದ ಕೈ. ಮೂರು ಸಲ ಒತ್ತಿದರೆ ಎರಡು ಸಲ ಮಿಷನ್ ಆಗದು ಎನ್ನುತ್ತದೆ. ಆಗ ನಾವು ಹೆಬ್ಬೆಟ್ಟನ್ನು ಸೆರಗಿಗೆ ಉಜ್ಜುತ್ತೇವೆ, ಎಣ್ಣೆ ಹಚ್ಚಿದ ತಲೆಗೆ ಸವರುತ್ತೇವೆ, ಇನ್ನೊಂದು ಸಲ ಒತ್ತುತ್ತೇವೆ. ಗುರುತು ಬೀಳುತ್ತದೆ.

ಆ ಜೂನ್ ತಿಂಗಳಲ್ಲಿ ಆದಿಲಕ್ಷ್ಮಮ್ಮನ ಹೆಬ್ಬೆಟ್ಟು ಬೀಳಲಿಲ್ಲ.

ಆದಿಲಕ್ಷ್ಮಮ್ಮ ನಮ್ಮ ಪಕ್ಕದ ಮನೆಯವಳು. ನಲವತ್ತೆಂಟು ವಯಸ್ಸು. ಮಾವಿನ ಕಾಲ ಬಂದರೆ ಶ್ರೀನಿವಾಸಪುರದಲ್ಲಿ ಲಿಯಾಖತ್ ಸಾಹೇಬರ ಮಂಡಿಗೆ ಕಾಯಿ ಆರಿಸಲು ಹೋಗುತ್ತಾಳೆ. ನಾನೂ ಮೂವತ್ತು ವರ್ಷ ಅದೇ ಕೆಲಸ ಮಾಡಿದವಳು. ಅವಳ ಹಿಂದೆ ಸಾಲಿನಲ್ಲಿ ನಿಂತಿದ್ದೆ.

"ಏನಮ್ಮ, ಸೊನೆ ಕೈನೇ ಇಟ್ಕೊಂಡು ಬಂದುಬಿಟ್ಯಾ? ಸೋಪ್ ಹಾಕಿ ತೊಳ್ಕೊಂಡು ಬಾ ಹೋಗು" ಎಂದ ಅಂಗಡಿಯ ವೇಣುಗೋಪಾಲ್.

ತೊಳೆದು ಬಂದಳು. ಬೀಳಲಿಲ್ಲ. ಬಲಗೈಯ ಐದು ಬೆರಳು, ಎಡಗೈಯ ಐದು ಬೆರಳು, ಒಂದಾದ ಮೇಲೆ ಒಂದು ಒತ್ತಿದಳು. ಒತ್ತುವಾಗಲೆಲ್ಲ ಹಲ್ಲು ಕಚ್ಚುತ್ತಿದ್ದಳು. ಅದನ್ನು ನಾನು ನೋಡಿದೆ, ಆದರೆ ಅರ್ಥ ಮಾಡಿಕೊಳ್ಳಲಿಲ್ಲ.

"ಹತ್ತರಲ್ಲಿ ಒಂದೂ ಇಲ್ವಲ್ಲಮ್ಮ! ಬೆರಳಾ ಇದು, ಗಾಜಾ?" ಎಂದು ವೇಣುಗೋಪಾಲ್ ನಕ್ಕ. ಸಾಲಿನಲ್ಲಿದ್ದವರೂ ನಕ್ಕರು.

ಹಿಂದಿನಿಂದ ಯಾರೋ ಮುದುಕಿ ಅಂದಳು. "ಮೇಲಿನ ಬೀದಿ ಗೌರಕ್ಕಂಗೂ ಹಿಂಗೇ ಆಗಿತ್ತು ಕಣ್ರೇ. ಗೆರೆ ಅಳಿಸ್ತು. ಆಮೇಲೆ ಮೂರು ತಿಂಗ್ಳೂ ಇರ್ಲಿಲ್ಲ ಅವ್ಳು."

ನಗು ನಿಂತಿತು. ಆದಿಲಕ್ಷ್ಮಮ್ಮನ ಕೈಯಿಂದ ಚೀಲ ಜಾರಿ ಬಿತ್ತು. ಅದನ್ನು ಎತ್ತಿಕೊಳ್ಳಲು ಅವಳು ಬಗ್ಗಲಿಲ್ಲ. ಎರಡೂ ಮುಷ್ಟಿ ಬಿಗಿದು ಸೆರಗಿನೊಳಗೆ ಇಟ್ಟುಕೊಂಡು ಹೊರಟುಬಿಟ್ಟಳು. ಸಂಜೆ ಅವಳ ಗಂಡ ಮುನಿಯಲ್ಲಪ್ಪ ಬಂದು ತನ್ನ ಹೆಬ್ಬೆಟ್ಟು ಒತ್ತಿದ, ಅಕ್ಕಿ ರಾಗಿ ಮನೆಗೆ ಹೋಯಿತು. ಊರಿನವರ ಪಾಲಿಗೆ ವಿಷಯ ಅಲ್ಲಿಗೆ ಮುಗಿಯಿತು.

ನನಗೆ ಮಾತ್ರ ಮನಸ್ಸು ತಡೆಯಲಿಲ್ಲ. ಚೀಲ ಕೊಡುವ ನೆಪದಲ್ಲಿ ಅವಳ ಮನೆಗೆ ಹೋದೆ.

"ಎಲ್ಲಿ, ಕೈ ತೋರ್ಸು."

"ಏನಿಲ್ಲ ಬಿಡಕ್ಕ, ಸೊನೆ."

"ಸೊನೆ ಆದ್ರೆ ಮುಚ್ಚಿಡೋದ್ಯಾಕೆ? ತೋರ್ಸೇ."

ತೋರಿಸಿದಳು. ಅಂಗೈ ಎರಡೂ ಕೆಂಡದ ಹಾಗೆ ಕೆಂಪಗಿದ್ದವು. ಬೆರಳ ತುದಿಯಲ್ಲಿ ಸಿಪ್ಪೆ ಏಳುತ್ತಿತ್ತು. ಸಿಪ್ಪೆ ಎದ್ದ ಜಾಗ ಸಾರಿಸಿದ ನೆಲದ ಹಾಗೆ ನುಣ್ಣಗೆ, ಒಂದು ಗೆರೆಯೂ ಇಲ್ಲದೆ ಹೊಳೆಯುತ್ತಿತ್ತು.

ಮಾವಿನ ಊರಿನಲ್ಲಿ ಹುಟ್ಟಿದವರಿಗೆ ಸೊನೆಯ ಸುಟ್ಟಗಾಯ ಯಾರೂ ಹೇಳಿಕೊಡಬೇಕಾಗಿಲ್ಲ. ತೊಟ್ಟು ಮುರಿದಾಗ ಚಿಮ್ಮುವ ಹಾಲು ತಗುಲಿದ ಕಡೆ ಚರ್ಮ ಕರಗುತ್ತದೆ. ನಮ್ಮಮ್ಮ ಏನು ಮಾಡುತ್ತಿದ್ದಳೋ ನಾನೂ ಅದನ್ನೇ ಮಾಡಿದೆ. ನೀರು ಕಾಯಿಸಿ, ಕಲ್ಲುಪ್ಪು ಹಾಕಿ, ಅದರಲ್ಲಿ ಅವಳ ಕೈ ಅದ್ದಿಸಿದೆ. ಮೇಲೆ ಸುಣ್ಣದ ತಿಳಿ ಸವರಿದೆ. ಅವಳು ಅಳಲಿಲ್ಲ. ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಒಳ್ಳೆಯದು ಮಾಡಿದೆ ಅಂದುಕೊಂಡು ನಾನು ಮಾರನೆಯ ದಿನವೂ ಹೋಗಿ ಅದನ್ನೇ ಮಾಡಿದೆ.

ಮೂರನೆಯ ದಿನ ಹೋದಾಗ ಅವಳು ಬಾಗಿಲ ತನಕ ಎದ್ದು ಬರಲಿಲ್ಲ. ಮಂಡಿಗೂ ಹೋಗಿರಲಿಲ್ಲ. ಗೋಡೆಗೆ ಒರಗಿ, ಕಾಲು ನೀಡಿಕೊಂಡು ಕೂತಿದ್ದಳು. ಕೈಯಲ್ಲಿ ಬೊಬ್ಬೆ ಎದ್ದಿತ್ತು. ನನ್ನ ಕಣ್ಣು ಅವಳ ಅಂಗಾಲಿನ ಮೇಲೆ ಬಿತ್ತು. ಅದೂ ಕೆಂಪಗೆ ಊದಿತ್ತು. ಹಿಮ್ಮಡಿ ಬಿರಿದು ನೀರು ಒಸರುತ್ತಿತ್ತು.

 ಸೊನೆ ಕೈಗೆ ಬೀಳುತ್ತದೆ, ಮುಖಕ್ಕೆ ಚಿಮ್ಮುತ್ತದೆ. ಚಪ್ಪಲಿಯೊಳಗಿನ ಅಂಗಾಲಿಗೆ ಸೊನೆ ಹೇಗೆ ಹೋಯಿತು?

"ಆದೀ, ಇದು ಸೊನೆ ಅಲ್ಲ ಕಣೇ. ಏನೇ ಇದು?"

ಅವಳು ಬಾಗಿಲ ಕಡೆ ನೋಡಿದಳು. ದನಿ ತಗ್ಗಿಸಿದಳು. "ಅಕ್ಕ, ನಿನ್ನ ದಮ್ಮಯ್ಯ, ಯಾರಿಗೂ ಹೇಳ್ಬೇಡ. ಸಂಕ್ರಾಂತಿ ಆದ್ಮೇಲೆ ಹೊಟ್ಟೆ ಆಪರೇಷನ್ ಅಂದ್ನಲ್ಲ... ಅದು ಗಂಟು. ಕರುಳಲ್ಲಿ. ಕ್ಯಾನ್ಸರ್ ಅಂದ್ರು."

 ಹೊರಗೆ ಕೋಳಿ ಕೆದಕುವ ಸದ್ದು ಕೇಳುತ್ತಿತ್ತು.

"ತೆಗ್ದುಹಾಕಿದ್ದಾರೆ. ತಿರುಗಿ ಬರ್ದೇ ಇರ್ಲಿ ಅಂತ ಮಾತ್ರೆ ಕೊಟ್ಟಿದ್ದಾರೆ. ಎರಡು ವಾರ ನುಂಗೋದು, ಒಂದು ವಾರ ಬಿಡೋದು. ಎಂಟು ಸುತ್ತು. ಈಗ ನಾಕ್ನೇದು."

"ಕೈ ಹಿಂಗಾಗಿದೆ ಅಂತ ಆಸ್ಪತ್ರೇಲಿ ಹೇಳಿದ್ಯಾ?"

"ಹೋದ ಸಲಾನೇ ಉರಿ ಶುರುವಾಗಿತ್ತು. ಡಾಕ್ಟರಮ್ಮ ಕೇಳಿದ್ರು, ಏನಾದ್ರೂ ತೊಂದ್ರೆ ಇದ್ಯಾ ಅಂತ. ಇಲ್ಲ ಅಂದೆ. ಕೈ ಸೆರಗಲ್ಲಿ ಇಟ್ಕೊಂಡೆ. ಹೇಳಿದ್ರೆ ಮಾತ್ರೆ ನಿಲ್ಲಿಸ್ಬಿಡ್ತಾರೆ ಅಕ್ಕ. ನಿಲ್ಲಿಸಿದ್ರೆ ಅದು ತಿರುಗಿ ಬರುತ್ತೆ."

ಅಷ್ಟರಲ್ಲಿ ಮುನಿಯಲ್ಲಪ್ಪ ಒಳಗೆ ಬಂದ. ಕೆಟ್ಟವನಲ್ಲ. ಹೆದರಿದ ಮನುಷ್ಯ. ಹೆದರಿದವರು ಜೋರಾಗಿ ಮಾತಾಡುತ್ತಾರೆ.

"ಕೇಳ್ದ್ಯಾ ಶಾಮಲಕ್ಕ? ಮಾತ್ರೆ ಅಲ್ಲ ಅದು, ವಿಷ! ಇವಳ ಕೈ ನೋಡು, ಕಾಲು ನೋಡು. ಹೊರಗೇ ಹಿಂಗೆ ಸುಟ್ಟಿದ್ರೆ ಒಳಗೆ ಹೆಂಗಿರ್ಬೇಕು? ಮಂಡೀಲಿ ಹೆಂಗಸ್ರು ಇವಳಿಗೆ ಬೇರೆ ಚೊಂಬು ಇಟ್ಟಿದ್ದಾರಂತೆ, ಅಂಟುರೋಗ ಅಂತ. ಬಿಟ್ಬಿಡು ಅಂದ್ರೆ ಕೇಳಲ್ಲ. ಅದಕ್ಕೇ ನಿನ್ನೆ ನಾನೇ ಕಿತ್ಕೊಂಡೆ."

"ಎಲ್ಲಿಟ್ಟಿದ್ದೀಯ ಹೇಳು" ಎಂದಳು ಅವಳು.

"ಹೇಳಲ್ಲ."

"ನನ್ನ ಪ್ರಾಣ ಕಣಯ್ಯ ಅದು!"

"ನಿನ್ನ ಪ್ರಾಣ ತೆಗೀತಿರೋದೇ ಅದು!"

ನಾನು ನಡುವೆ ಕೂತಿದ್ದೆ. ಯಾರ ಕಡೆ ಮಾತಾಡಲಿ? ಮಾತ್ರೆ ಬಿಟ್ಟರೆ ಗಂಟು ಬರಬಹುದು. ನುಂಗಿದರೆ ಚರ್ಮ ಹೀಗೆ ಕಳಚಿಬೀಳುತ್ತದೆ. ಮುಂದೆ ಬಾವಿ, ಹಿಂದೆ ಬೇಲಿ. ಅವಳ ಹಣೆ ಮುಟ್ಟಿ ನೋಡಿದೆ. ಬಿಸಿಯಿತ್ತು.

"ಯಾವಾಗಿಂದ ಜ್ವರ?"

"ಬೆಳಗ್ಗೆಯಿಂದ" ಎಂದಳು, ತಪ್ಪು ಮಾಡಿದವಳ ಹಾಗೆ.

ಆಗ ನನಗೆ ನೆನಪಾದವಳು ಇಶ್ರತ್. ಲಿಯಾಖತ್ ಸಾಹೇಬರ ಮಗಳು. ಅವರ ಮನೆ ನಮ್ಮೂರಿನಲ್ಲೇ, ಮಸೀದಿಯ ಬೀದಿಯಲ್ಲಿ. ಅವಳು ಕೋಲಾರದ ಒಂದು ಆಸ್ಪತ್ರೆಯಲ್ಲಿ ನರ್ಸ್. ಕ್ಯಾನ್ಸರ್ ಮದ್ದಿನಿಂದ ಚರ್ಮಕ್ಕೆ ಏನೇನು ಆಗುತ್ತದೆ ಎಂದು ಅಲ್ಲಿಯ ಡಾಕ್ಟರುಗಳು ಸಂಶೋಧನೆ ನಡೆಸುತ್ತಾರಂತೆ. ಅದರಲ್ಲಿ ಕೆಲಸ ಎಂದು ಅವಳ ತಾಯಿ ಅಸ್ಗರಿ ಒಂದು ಸಲ ಹೇಳಿದ್ದಳು. "ಚರ್ಮದ ಮೇಲೆ ಏನು ಸಂಶೋಧನೆಯಮ್ಮ, ಮದುವೆ ಮಾಡು ಮೊದಲು" ಎಂದು ನಾನೇ ತಮಾಷೆ ಮಾಡಿದ್ದೆ. ಅವತ್ತು ಭಾನುವಾರ. ಹುಡುಗಿ ಮನೆಯಲ್ಲಿ ಇರಲೇಬೇಕು. ನನ್ನ ಮೊಣಕಾಲು ನೋವು ಮರೆತು ಓಡಿದೆ.

ಇಶ್ರತ್ ಅಕ್ಕಿ ಆರಿಸುತ್ತಿದ್ದಳು. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. "ಬೆರಳ ಗುರುತು ಬೀಳ್ಲಿಲ್ಲ" ಎಂದ ತಕ್ಷಣ ಮೊರ ಕೆಳಗಿಟ್ಟಳು. "ಜ್ವರ" ಎಂದ ತಕ್ಷಣ ಚಪ್ಪಲಿ ಮೆಟ್ಟಿದಳು.

ಮನೆಗೆ ಬಂದವಳೇ ಆದಿಲಕ್ಷ್ಮಮ್ಮನ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. ಹೂ ಹಿಡಿದ ಹಾಗೆ ಹಿಡಿದಳು. ಮುನಿಯಲ್ಲಪ್ಪ ನೋಡುತ್ತಲೇ ನಿಂತ.

"ಅಂಟಲ್ವೇನಮ್ಮ?"

"ಅಂಟೋದಿದ್ರೆ ನಂಗೆ ಯಾವತ್ತೋ ಅಂಟ್ಬೇಕಿತ್ತು ಅಂಕಲ್. ದಿನಾ ಇಂಥ ಕೈಗಳ್ನೇ ನೋಡ್ತೀನಿ. ಇದು ಕಾಯಿಲೆ ಅಲ್ಲ, ಮಾತ್ರೆ ಮಾಡೋ ತೊಂದ್ರೆ. ಎಲ್ರಿಗೂ ಆಗಲ್ಲ, ತುಂಬ ಜನಕ್ಕೆ ಆಗುತ್ತೆ. ಕೆಲವ್ರಿಗೆ ಬೆರಳ ಗೆರೆನೂ ಹೋಗುತ್ತೆ."

"ಗೆರೆ ಹೋದ್ರೆ ಆಯಸ್ಸು ಹೋಗುತ್ತಾ?" ಆದಿಲಕ್ಷ್ಮಮ್ಮ ಕೇಳಿದಳು. ಮೂರು ದಿನದಿಂದ ಆ ಮಾತನ್ನು ಒಳಗೇ ಇಟ್ಟುಕೊಂಡಿದ್ದಳು ಎಂದು ಆಗ ಗೊತ್ತಾಯಿತು.

"ರೇಷನ್ ತಗೊಳ್ಳೋಕೆ ಕಷ್ಟ ಆಗುತ್ತೆ ಆಂಟಿ, ಅಷ್ಟೇ. ಆಯಸ್ಸು ಬೆರಳ ತುದೀಲಿಲ್ಲ" ಎಂದಳು ಇಶ್ರತ್. ಆಮೇಲೆ ಅವಳ ಮುಖ ಗಂಭೀರವಾಯಿತು. "ಆದ್ರೆ ಹೀಗೆ ಬೊಬ್ಬೆ ಎದ್ದು, ಚರ್ಮ ಒಡೆದು, ಜ್ವರ ಬಂದಿದ್ರೆ ಅದು ಆಟ ಅಲ್ಲ. ಈ ಮದ್ದು ತಗೊಳ್ಳೋವಾಗ ಮೈಯಲ್ಲಿ ರೋಗ ತಡೆಯೋ ಶಕ್ತಿ ಕಮ್ಮಿ ಆಗಿರಬಹುದು. ಗಾಯದಿಂದ ಕೀವು ರಕ್ತಕ್ಕೆ ಸೇರಿದ್ರೆ ಜೀವಕ್ಕೇ ಅಪಾಯ. ಈಗ್ಲೇ ಹೋಗ್ಬೇಕು. ಆಸ್ಪತ್ರೇಲಿ ನಿಮ್ಗೆ ಒಂದು ಹಾಳೆ ಕೊಟ್ಟಿರ್ಬೇಕಲ್ಲ, ಕನ್ನಡದಲ್ಲಿ ಅಚ್ಚು ಮಾಡಿರೋದು? ಅದ್ರಲ್ಲಿ ಫೋನ್ ನಂಬರ್ ಇರುತ್ತೆ."

ಆದಿಲಕ್ಷ್ಮಮ್ಮ ಗೋಡೆಯ ದೇವರ ಗೂಡಿನ ಕಡೆ ತೋರಿಸಿದಳು. ವೆಂಕಟರಮಣನ ಪಟದ ಹಿಂದೆ, ನಾಲ್ಕಾಗಿ ಮಡಿಸಿದ ಒಂದು ಹಾಳೆ. ಅದಕ್ಕೆ ಅರಿಶಿನ ಕುಂಕುಮ ಹಚ್ಚಿದ್ದಳು.

"ಆಸ್ಪತ್ರೆ ಕಾಗ್ದ, ನನ್ನ ಪ್ರಾಣ ಉಳ್ಸೋದು ಅಂತ ಅಲ್ಲಿಟ್ಟೆ. ದಿನಾ ಕೈ ಮುಗೀತೀನಿ."

"ಓದಿಸಿದ್ಯಾ ಯಾರ ಕೈಲಾದ್ರೂ?" ಎಂದೆ.

"ಓದಿಸಿದ್ರೆ ಎಲ್ರಿಗೂ ಗೊತ್ತಾಗಲ್ವಾ ಅಕ್ಕ?"

ಹಾಳೆ ಇಶ್ರತ್ ಕೆಲಸ ಮಾಡುವ ಆಸ್ಪತ್ರೆಯದೇ. ಅವಳು ಆಗಲೇ ಅಲ್ಲಿಗೆ ಫೋನ್ ಹಚ್ಚಿದ್ದಳು. ಹಾಳೆ ನನ್ನ ಕೈಗೆ ಬಂತು. ನಾನು ಅಕ್ಷರ ಕಲಿತದ್ದು ಐವತ್ತು ದಾಟಿದ ಮೇಲೆ, ರಾತ್ರಿ ಶಾಲೆಯಲ್ಲಿ. ಈಗಲೂ ಬೆರಳಿಟ್ಟೇ ಓದುತ್ತೇನೆ. ಕುಂಕುಮ ಒರೆಸಿ ಬೆರಳಿಟ್ಟೆ.

"ಅಂಗೈ, ಅಂಗಾಲು ಕೆಂಪಾದರೆ, ಉರಿದರೆ, ಜುಮುಗುಟ್ಟಿದರೆ ಕೂಡಲೇ ತಿಳಿಸಿ." ಅದು ಮೊದಲ ಸಾಲು. ಎರಡನೆಯದು, "ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ತೊಂದರೆ ಹೆಚ್ಚಾದರೆ ನೀವಾಗಿಯೇ ಮುಂದುವರಿಸಲೂ ಬೇಡಿ. ನಮ್ಮನ್ನು ಕೇಳಿ." ಮುನಿಯಲ್ಲಪ್ಪ ತಲೆ ತಗ್ಗಿಸಿದ. ಆದಿಲಕ್ಷ್ಮಮ್ಮನೂ ತಗ್ಗಿಸಿದಳು. ಮೂರನೆಯ ಸಾಲು ಓದುವಾಗ ನನ್ನ ಬೆರಳು ಅಲ್ಲೇ ನಿಂತಿತು.

"ಬಿಸಿನೀರಿನಲ್ಲಿ ಅದ್ದಬೇಡಿ. ಉಜ್ಜಬೇಡಿ. ಸುಣ್ಣ, ಉಪ್ಪು, ನಾಟಿ ಲೇಪ ಯಾವುದನ್ನೂ ಹಚ್ಚಬೇಡಿ."

ಅಕ್ಷರ ಬಲ್ಲವಳು ಆ ಬೀದಿಯಲ್ಲಿ ನಾನು. ಹಾಳೆ ಇದ್ದದ್ದು ನಾನು ಕೂತ ಜಾಗದಿಂದ ನಾಲ್ಕು ಮೊಳ ದೂರದಲ್ಲಿ. ಎರಡು ದಿನ ಅದರ ಕೆಳಗೇ ಕೂತು ನೀರು ಕಾಯಿಸಿದ್ದೆ.

"ಆದೀ, ನಾನೇ ಕಣೇ ನಿನ್ನ ಕೈ ಬೇಯಿಸಿದ್ದು" ಎಂದೆ. ಸೆರಗಿನಿಂದ ಕಣ್ಣು ಒರೆಸಿಕೊಂಡೆ.

"ನೀನು ಬೇರೆ ಅಳ್ಬೇಡ ಅಕ್ಕ, ನಂಗೆ ಭಯ ಆಗುತ್ತೆ" ಎಂದಳು.

ಮುನಿಯಲ್ಲಪ್ಪ ದನದ ಕೊಟ್ಟಿಗೆಯ ಸೂರಿನಿಂದ ಮಾತ್ರೆಯ ಡಬ್ಬಿ ತಂದು ಇಶ್ರತ್ ಕೈಗೆ ಕೊಟ್ಟ. ಲಿಯಾಖತ್ ಸಾಹೇಬರು ಮಾವಿನ ಟೆಂಪೋ ತಂದು ಬಾಗಿಲಿಗೆ ನಿಲ್ಲಿಸಿದರು. ಅರ್ಧ ಕ್ರೇಟುಗಳು ಇನ್ನೂ ಮೇಲೇ ಇದ್ದವು. ಇಳಿಸಲು ನಿಲ್ಲಲಿಲ್ಲ. ಮುಂದಿನ ಸೀಟಿನಲ್ಲಿ ಆದಿಲಕ್ಷ್ಮಮ್ಮ ನನ್ನ ಹೆಗಲಿಗೆ ಒರಗಿ ನಡುಗುತ್ತಿದ್ದಳು. ಮುನಿಯಲ್ಲಪ್ಪ, ಇಶ್ರತ್ ಹಿಂದೆ ಕಾಯಿಗಳ ನಡುವೆ. ಶ್ರೀನಿವಾಸಪುರ ದಾಟುವಾಗ ಅವಳ ಮೈ ಇನ್ನೂ ಸುಡುತ್ತಿತ್ತು.

"ಅಕ್ಕ."

"ಹ್ಞೂಂ."

"ಮಿಷನ್ನೇ ನನ್ನ ಗುರುತು ಹಿಡೀಲಿಲ್ಲ. ಯಮನೂ ಹಿಡೀದೆ ಹೋಗ್ಬಿಡ್ತಾನೇನೋ ಅಲ್ವಾ?"

ನಾನು ಅವಳ ತಲೆಯನ್ನು ಹೆಗಲಿಗೆ ಒತ್ತಿಕೊಂಡೆ. ಲಿಯಾಖತ್ ಸಾಹೇಬರು ರಸ್ತೆಯಿಂದ ಕಣ್ಣು ತೆಗೆಯದೆ, "ಹಿಡಿಯೋಕೆ ಬಂದ್ರೆ ಹೇಳಮ್ಮ, ಮಂಡಿ ಕೆಲ್ಸ ಇನ್ನೂ ಬಾಕಿ ಇದೆ ಅಂತ" ಎಂದರು.  

ಆಸ್ಪತ್ರೆಯಲ್ಲಿ ರಕ್ತ ನೋಡಿದರು. ಕೂಡಲೇ ಮಲಗಿಸಿ ಸೂಜಿ ಹಾಕಿದರು. ಡಾಕ್ಟರಮ್ಮ ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು ಅನ್ನಿಸಿತು ನನಗೆ. "ಇನ್ನು ಎರಡು ದಿನ ಬಿಟ್ಟು ಬಂದಿದ್ರೆ ನಾನು ಏನೂ ಹೇಳೋಕಾಗ್ತಿರ್ಲಿಲ್ಲ" ಎಂದಷ್ಟೇ ಹೇಳಿದರು.

ಐದು ದಿನ ಅಲ್ಲೇ ಇದ್ದೆವು. ಮೊದಲ ಎರಡು ದಿನ ಜ್ವರ ಇಳಿದು ಮತ್ತೆ ಏರುತ್ತಿತ್ತು. ಮುನಿಯಲ್ಲಪ್ಪ ವಾರ್ಡಿನ ಹೊರಗೆ ಮೆಟ್ಟಿಲ ಮೇಲೆ ಕೂತು, "ಅಯ್ಯೋ ದೇವುಡಾ, ದೇವುಡಾ" ಎನ್ನುತ್ತಿದ್ದ. ಮೂರನೆಯ ದಿನ ಜ್ವರ ಇಳಿಯಿತು. ಮತ್ತೆ ಬರಲಿಲ್ಲ.

ಆಗ ಅವನಿಗೆ ಮಾತಾಡುವ ಧೈರ್ಯ ಬಂತು. "ಡಾಕ್ಟರಮ್ಮ, ಈಗ ಮಾತ್ರೆ ಪೂರಾ ಬಿಟ್ಟ ಹಾಗೇನಾ?"

"ಇಲ್ಲ. ಕೈ ಕಾಲು ವಾಸಿ ಆಗೋವರೆಗೂ ನಿಲ್ಲಿಸ್ತೀವಿ. ಆಮೇಲೆ ಅವರ ಮೈ ತಡೆಯೋಷ್ಟು ಕಮ್ಮಿ ಮಾಡಿ ಕೊಡ್ತೀವಿ. ಕೆಲವು ದಿನ ನಿಲ್ಲಿಸಿದ್ರಿಂದ ಚಿಕಿತ್ಸೆ ಹಾಳಾಗಲ್ಲ. ಗಾಡಿ ಇಳಿಜಾರಲ್ಲಿ ಬ್ರೇಕ್ ಹಾಕ್ತೀರಲ್ಲ, ಹಾಗೆ. ಬ್ರೇಕ್ ಹಾಕಿದ್ರೆ ಊರಿಗೆ ಹೋಗೋದು ನಿಲ್ಲುತ್ತಾ?"

ಆದಿಲಕ್ಷ್ಮಮ್ಮ ಮಲಗಿದ್ದಲ್ಲಿಂದಲೇ ಕೇಳಿದಳು. "ಹಂಗಾದ್ರೆ ಹೇಳಿದ್ರೂ ನಿಲ್ಲಿಸ್ತಿರ್ಲಿಲ್ವಾ ನೀವು?"

"ಮೊದಲ್ನೇ ಸಲ ಉರಿ ಬಂದಾಗಲೇ ಹೇಳಿದ್ರೆ ಬರೀ ಕ್ರೀಮಲ್ಲೇ ಮುಗೀತಿತ್ತೋ ಏನೋ ಅಮ್ಮ."

ಅವಳು ಮುಖ ಗೋಡೆಗೆ ತಿರುಗಿಸಿಕೊಂಡಳು.

ಊರಿಗೆ ಹೊರಡುವ ದಿನ ಇಶ್ರತ್ ಇನ್ನೊಂದು ಕಾಗದ ತಂದಳು. ಇಂಥ ಮದ್ದು ತೆಗೆದುಕೊಳ್ಳುವವರ ಕೈ ಕಾಲನ್ನು ಪ್ರತಿ ಸಲ ಫೋಟೋ ತೆಗೆದು, ಎಷ್ಟು ಉರಿ, ಎಷ್ಟು ಸಿಪ್ಪೆ ಎಂದು ಬರೆದಿಡುತ್ತಾರಂತೆ. ಅದರಲ್ಲಿ ಸೇರುತ್ತೀರಾ ಎಂದು ಕೇಳಿದಳು.

ಮುನಿಯಲ್ಲಪ್ಪ ಎದ್ದು ನಿಂತ. "ಅಂದ್ರೆ ನಮ್ಮ ಮೇಲೆ ಪ್ರಯೋಗ ಮಾಡ್ತೀರಾ? ಇಲಿ ಮೇಲೆ ಮಾಡ್ದಂಗೆ?"

"ಹೊಸ ಮದ್ದು ಏನೂ ಕೊಡಲ್ಲ ಅಂಕಲ್. ಆಂಟಿ ಮುಖ ಫೋಟೋದಲ್ಲಿ ಬರಲ್ಲ, ಹೆಸ್ರು ಯಾರಿಗೂ ಹೇಳಲ್ಲ. ಬೇಡ ಅಂದ್ರೂ ಚಿಕಿತ್ಸೆ ಹೀಗೇ ನಡೆಯುತ್ತೆ. ಈಗ ಹ್ಞೂಂ ಅಂದು ನಾಳೆ ಬೇಡ ಅಂದ್ರೂ ಸರಿ."

"ಮತ್ತೆ ನಿಮಗೇನು ಲಾಭ ಇದ್ರಿಂದ?"

"ಪುಸ್ತಕದಲ್ಲಿರೋ ಫೋಟೋ ಎಲ್ಲ ಬಿಳೀ ಜನದ ಕೈ. ನಮ್ಮ ಬಣ್ಣದ ಚರ್ಮದಲ್ಲಿ ಶುರುವಿಗೆ ಕೆಂಪು ಕಾಣದೇ ಹೋಗಬಹುದು. ಕಪ್ಪಾಗುತ್ತೆ, ಬರೀ ಉರಿ ಇರುತ್ತೆ. ನಮ್ಮ ಕೈಗಳ್ನ ನಾವೇ ನೋಡಿ ಬರೆದಿಡ್ಬೇಕಲ್ವಾ? ಕೈಗೆ ಮೊದಲೇ ಹಚ್ಚಿದ್ರೆ ಈ ತೊಂದ್ರೆ ಕಮ್ಮಿ ಆಗೋ ಮುಲಾಮು ಒಂದಿದೆ. ಅದು ಗೊತ್ತಾಗಿದ್ದೂ ಹೀಗೇ, ನಮ್ಮ ದೇಶದಲ್ಲೇ, ಜನ ಸಂಶೋಧನೆಗೆ ಒಪ್ಪಿಕೊಂಡು ಕೈ ತೋರ್ಸಿದ್ರಿಂದ. ಮುಚ್ಚಿಟ್ಟ ಕೈಯಿಂದ ಯಾರಿಗೂ ಏನೂ ಗೊತ್ತಾಗಲ್ಲ."

ಆದಿಲಕ್ಷ್ಮಮ್ಮ ಬಹಳ ಹೊತ್ತು ತನ್ನ ಕೈ ನೋಡಿಕೊಂಡಳು. ಆಮೇಲೆ, "ಗೌರಕ್ಕಂಗೂ ಹಿಂಗೇ ಆಗಿದ್ದಿರ್ಬೌದು ಅಲ್ವಾ ಅಕ್ಕ? ಅವ್ಳನ್ನ ಯಾರೂ ಕೇಳ್ಲೇ ಇಲ್ಲ" ಎಂದಳು. "ಕೊಡಮ್ಮ, ಹೆಬ್ಬೆಟ್ಟು ಒತ್ತುತೀನಿ."

ಒತ್ತಿದಳು. ಕಾಗದದ ಮೇಲೆ ಬಿದ್ದದ್ದು ಬರಿಯ ನೀಲಿ ಕಲೆ. ಒಂದು ಗೆರೆಯೂ ಇರಲಿಲ್ಲ.

"ಇದು ಯಾರ್ದು ಬೇಕಾದ್ರೂ ಆಗ್ಬೌದು" ಎಂದು ತಾನೇ ನಗಲು ನೋಡಿದಳು. ನಗು ಬರಲಿಲ್ಲ.

"ಇವತ್ತು ಬೇಡ. ಮುಂದಿನ ಸಲ ಹೆಸ್ರು ಬರೀತಾಳೆ" ಎಂದು ನಾನು ಹೇಳಿದೆ.

ಕೈ ಸ್ವಲ್ಪ ಮಾಗಿದ ಮೇಲೆ ನಮ್ಮ ಜಗುಲಿಯ ಮೇಲೆ ಪಾಠ ಶುರುವಾಯಿತು. ಪೆನ್ಸಿಲ್ ಒತ್ತದ ಹಾಗೆ ಅದಕ್ಕೆ ಹಳೆಯ ಮೆತ್ತನೆ ಬಟ್ಟೆ ಸುತ್ತಿಕೊಟ್ಟೆ. ದಿನಕ್ಕೆ ಹತ್ತು ನಿಮಿಷ, ಉರಿ ಬಂದರೆ ಬಂದ್. "ಇಷ್ಟುದ್ದ ಹೆಸ್ರು ಯಾಕಿಟ್ನೋ ನಮ್ಮಪ್ಪ" ಎಂದು ಬೈಯುತ್ತಲೇ ಬರೆದಳು. ಮುನಿಯಲ್ಲಪ್ಪ ಪಾತ್ರೆ ತೊಳೆಯುವುದನ್ನು ಕಲಿತ. ಮೊದಲ ದಿನ ಬಾಗಿಲು ಮುಚ್ಚಿಕೊಂಡು ತೊಳೆದ, ಆಮೇಲೆ ಬೀದಿಯಲ್ಲೇ ಕೂತು ತೊಳೆದ. ಮಂಡಿಯಲ್ಲಿ ಲಿಯಾಖತ್ ಸಾಹೇಬರು ಆ ಬೇರೆ ಚೊಂಬಿನಿಂದ ತಾವೇ ನೀರು ಕುಡಿದು, ಹೆಂಗಸರ ಎದುರಿಗೇ ಕೆಳಗಿಟ್ಟರಂತೆ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಕೇಳುವ ಮೊದಲೇ ಆದಿಲಕ್ಷ್ಮಮ್ಮ ಎರಡೂ ಕೈ ಮೇಜಿನ ಮೇಲೆ ಚಾಚಿದಳು. ಚಪ್ಪಲಿ ಬಿಟ್ಟು ಕಾಲನ್ನೂ ತೋರಿಸಿದಳು. ಆಮೇಲೆ ಕಾಗದ ಎಳೆದುಕೊಂಡು, ವಕ್ರವಾಗಿ, ಗೆರೆಯ ಮೇಲೆ ಕೆಳಗೆ ಹತ್ತಿ ಇಳಿದು, ತನ್ನ ಹೆಸರು ಬರೆದಳು.

ಇನ್ನೂ ನಾಲ್ಕು ಸುತ್ತು ಮಾತ್ರೆ ಬಾಕಿ ಇದೆ. ಭಯ ಹೋಗಿದೆ ಎಂದು ನಾನು ಸುಳ್ಳು ಹೇಳಲಾರೆ. ಪ್ರತಿ ಸಲ ರಕ್ತ ಕೊಟ್ಟು ಕಾಯುವಾಗ ಇಬ್ಬರೂ ಬಾಗಿಲನ್ನೇ ನೋಡುತ್ತೇವೆ. ಆದರೆ ಈಗ ಅವಳು ಒಬ್ಬಳೇ ಹೆದರುತ್ತಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಈ ಕಥೆಯನ್ನು ಸಂಘದಲ್ಲಿ ಓದುತ್ತಿರುವವರೇ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿದ್ದರೆ ಅವರ ಕೈ ನೋಡಿ, ಕಾಲು ನೋಡಿ. ಅಂಗೈ ಉರಿಯಬಹುದು. ಬೇರೆ ಮದ್ದಿಗೆ ಮುಖದ ಮೇಲೆ ಗುಳ್ಳೆ ಏಳಬಹುದು, ಉಗುರು ಕಪ್ಪಾಗಬಹುದು. ರೇಡಿಯೇಷನ್ ಅಂತ ಕರೆಂಟು ಕೊಟ್ಟ ಜಾಗದ ಚರ್ಮ ಬೆಂದ ಹಾಗೆ ಆಗಬಹುದು. ಸುಣ್ಣ ಬೇಡ, ಬಿಸಿನೀರು ಬೇಡ, ಬೂದಿ ಬೇಡ, ನನ್ನಂಥ ಮುದುಕಿಯ ಬುದ್ಧಿಯೂ ಬೇಡ. ತಣ್ಣೀರಿನಲ್ಲಿ ಮೆಲ್ಲಗೆ ತೊಳೆದು, ಆಸ್ಪತ್ರೆಗೆ ಫೋನ್ ಮಾಡಿ ಕೇಳಿ. ಜ್ವರ ಬಂದರೆ ಬೆಳಗಾಗಲಿ ಎಂದು ಕಾಯದೆ ಹೊರಡಿ. ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ, ಹಲ್ಲು ಕಚ್ಚಿ ನುಂಗಲೂ ಬೇಡಿ. ಆ ಕೈ ಹಿಡಿದರೆ ನಿಮಗೇನೂ ಅಂಟುವುದಿಲ್ಲ, ಹಿಡಿದುಕೊಳ್ಳಿ.

ಆಸ್ಪತ್ರೆಯವರು ಕೊಟ್ಟ ಹಾಳೆ ನಿಮ್ಮ ದೇವರ ಗೂಡಿನಲ್ಲಿದ್ದರೆ ಇವತ್ತೇ ಕೆಳಗಿಳಿಸಿ. ಓದಲು ಬಾರದಿದ್ದರೆ ಬಲ್ಲವರ ಕೈಗೆ ಕೊಡಿ. ಕುಂಕುಮ ಒರೆಸಿ, ಬೆರಳಿಟ್ಟು, ಮೊದಲ ಸಾಲಿನಿಂದ ಓದಿಸಿಕೊಳ್ಳಿ.